ಮುಂಡಗೋಡಿನ ಮಂದ್ರಸ್ವರ

ಹಳಿಯಾಳದ ನಮ್ಮ ಓಣಿಯ ಭಜನಾ ಮಂಡಳಿಯಲ್ಲಿ ನನ್ನ ಸ್ಥಾನ ಕೊನೆಯ ಸಾಲಿನದು. ಮೊದಲ ಸಾಲಿನಲ್ಲಿ ಹಾಡಿಕೊಡುವ ಬುವಾ, ಅವರ ಎಡಬಲಕ್ಕೆ ಪೇಟಿ ಮತ್ತು ಪಖವಾಜು. ನಡುವಣ ಸಾಲಿನಲ್ಲಿ ಶ್ರುತಿಯ ಅರಿವುಳ್ಳವರು. ತಾಳವನ್ನೇನೋ ತಪ್ಪದೆ ಹಾಕಬಲ್ಲ, ಆದರೆ ಒಬ್ಬನೇ ಹಾಡೆಂದರೆ ಬೆವರುವ ನನ್ನಂಥವರು ಗೋಡೆಗಾತು ಹಿಂದೆ. ಮರಾಠಿಯ ಅಭಂಗವನ್ನೂ ದಾಸರ ಪದವನ್ನೂ ಒಂದೇ ಜಮಖಾನೆಯ ಮೇಲೆ ಕುಳಿತು ಹಾಡುವ ಸೀಮೆ ನಮ್ಮದು. ಹಾಡುವವರಲ್ಲಿ ಕಿರಾಣಿ ಅಂಗಡಿಯವರಿದ್ದಾರೆ, ಬಸ್ಸಿನ ಚಾಲಕರಿದ್ದಾರೆ, ದಾಂಡೇಲಿಯ ಕಾಗದದ ಕಾರ್ಖಾನೆಯಿಂದ ನಿವೃತ್ತರಾದವರಿದ್ದಾರೆ. ಹಗಲಿನಲ್ಲಿ ಒಬ್ಬರಿಗೊಬ್ಬರು ಸಾಲದ ಲೆಕ್ಕ ಕೇಳುವವರೇ ಏಕಾದಶಿಯ ರಾತ್ರಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂಡುತ್ತಾರೆ.

ರಾತ್ರಿ ಹನ್ನೊಂದು ದಾಟಿದ ಮೇಲೆ ಒಂದು ವಿಚಿತ್ರ ನಡೆಯುತ್ತದೆ. ಅಷ್ಟು ಹೊತ್ತಿನವರೆಗೆ ನನ್ನ ಸ್ವರ ಎಲ್ಲಿ ಜಾರೀತೋ ಎಂಬ ಅಂಜಿಕೆಯಿಂದ ಹಾಡುತ್ತಿದ್ದವನಿಗೆ ಇದ್ದಕ್ಕಿದ್ದಂತೆ ತನ್ನ ದನಿ ಕೇಳಿಸದೆ ಹೋಗುತ್ತದೆ. ಬಾಯಿ ಆಡುತ್ತಿದೆ, ಎದೆಗೂಡು ನಡುಗುತ್ತಿದೆ. ಕಿವಿಗೆ ಬೀಳುತ್ತಿರುವುದು ಮಾತ್ರ ಎಲ್ಲರದೂ ಆದ, ಯಾರೊಬ್ಬರದೂ ಅಲ್ಲದ ಒಂದು ಕಂಠ. ನಾನು ಉಸಿರಿಗೆಂದು ನಿಂತರೆ ಪಕ್ಕದವನು ಎಳೆದಿರುತ್ತಾನೆ. ಅವನು ನಿಲ್ಲುವಾಗ ನಾನು ಸೇರಿಕೊಂಡಿರುತ್ತೇನೆ. ಹಾಡು ಎಲ್ಲಿಯೂ ತುಂಡಾಗುವುದಿಲ್ಲ. ಇದನ್ನು ನಮಗಾರೂ ಕಲಿಸಿಕೊಟ್ಟವರಲ್ಲ.

ಕಳೆದ ಮಳೆಗಾಲದಲ್ಲಿ ನಮ್ಮ ಬುವಾ ಕಾಯಿಲೆ ಬಿದ್ದರು. ಎದ್ದರಾದರೂ ಕಂಠ ಮರಳಿ ಬರಲಿಲ್ಲ. ಆಗ ನಮಗೆ ಗೊತ್ತಾಯಿತು: ಅವರ ದಪ್ಪ ವಹಿಯಲ್ಲಿ ಪದಗಳೆಲ್ಲ ಮುದ್ದಾದ ಅಕ್ಷರಗಳಲ್ಲಿ ಬರೆದಿದ್ದವು, ಧಾಟಿ ಮಾತ್ರ ಒಂದರದೂ ಇರಲಿಲ್ಲ. ಅದು ಅವರ ಕೊರಳಿನಲ್ಲಿಯೇ ಇತ್ತು. ಎಷ್ಟೋ ಪದಗಳ ಪಲ್ಲವಿ ನಮಗೆ ನೆನಪಿದೆ, ಚರಣದ ಏರಿಳಿತ ನೆನಪಿಲ್ಲ. ಹೀಗಿರುವಾಗಲೇ ಮುಂಡಗೋಡಕ್ಕೆ ಹೋಗುವ ಪ್ರಸಂಗ ಬಂದಿತು.

ಮುಂಡಗೋಡದ ಟಿಬೆಟ್ ಕ್ಯಾಂಪು ನಮ್ಮ ಜಿಲ್ಲೆಯವರಿಗೆ ಹೊಸತೇನಲ್ಲ. 1959ರಲ್ಲಿ ದಲಾಯಿ ಲಾಮಾ ಅವರೊಂದಿಗೆ ದೇಶ ಬಿಟ್ಟುಬಂದ ಟಿಬೆಟನ್ನರಿಗೆ ನಮ್ಮ ರಾಜ್ಯ ಮೊದಲು ಬೈಲುಕುಪ್ಪೆಯಲ್ಲಿ, ಅನಂತರ 1966ರಲ್ಲಿ, ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದಾಗ, ಮುಂಡಗೋಡದ ಬಳಿಯ ಕಾಡುನೆಲದಲ್ಲಿ ಸುಮಾರು 4,000 ಎಕರೆಯಷ್ಟು ಆಶ್ರಯ ಕೊಟ್ಟಿತು. ಮೆಕ್ಕೆಜೋಳ ಬೆಳೆಯುವ, ಚಳಿಗಾಲದಲ್ಲಿ ಊರೂರಿಗೆ ಹೋಗಿ ಉಣ್ಣೆಯ ಅಂಗಿ ಮಾರುವ ಆ ಸಂಸಾರಗಳನ್ನು ಯಾರು ತಾನೆ ಕಂಡಿಲ್ಲ? ಅವರ ನಡುವೆಯೇ ಎರಡು ಮಹಾವಿಹಾರಗಳು: ತ್ಸೊಂಗ್‌ಖಾಪಾ ಆಚಾರ್ಯರು 1409ರಲ್ಲಿ ಲ್ಹಾಸಾದ ಸಮೀಪ ಸ್ಥಾಪಿಸಿದ ಗಾದೆನ್, ಅವರ ಶಿಷ್ಯರು 1416ರಲ್ಲಿ ಕಟ್ಟಿಸಿದ ಡ್ರೆಪುಂಗ್. ಅಲ್ಲಿ ನೆಲಸಮವಾದದ್ದು, ಬರಿದಾದದ್ದು ಇಲ್ಲಿ ಮತ್ತೆ ತಲೆಯೆತ್ತಿತು.

ಆದರೆ ಲ್ಹಾಸಾದಿಂದ ಮುಂಡಗೋಡಕ್ಕೆ ಭಿಕ್ಷುಗಳು ನೇರವಾಗಿ ಬಂದವರಲ್ಲ. ನಡುವಣ ಹತ್ತು ವರ್ಷ ಅವರಿದ್ದುದು ಪಶ್ಚಿಮ ಬಂಗಾಳದ ಬಕ್ಸಾದಲ್ಲಿ. ಬ್ರಿಟಿಷರು ಸ್ವಾತಂತ್ರ್ಯಯೋಧರನ್ನು ಕೂಡಿಹಾಕುತ್ತಿದ್ದ ಸೆರೆಮನೆಯದು. ತಣ್ಣನೆಯ ಬೆಟ್ಟದ ಗಾಳಿಗೆ ಹುಟ್ಟಿ ಬೆಳೆದವರನ್ನು ಆ ತೇವದ ಕಾಡಿನಲ್ಲಿ ಕ್ಷಯರೋಗ ಕಾಡಿತು. ಅನೇಕರು ಅಲ್ಲಿಯೇ ತೀರಿಕೊಂಡರು. ಹಾಡುವವನ ಬಂಡವಾಳವೆಂದರೆ ಶ್ವಾಸಕೋಶ. ಅದಕ್ಕೇ ಪೆಟ್ಟು ಬಿದ್ದ ಗುಂಪೊಂದು ಪ್ರಾರ್ಥನೆಯ ಧಾಟಿಯನ್ನು ಬಿಡದೆ ಉಳಿಸಿಕೊಂಡಿತೆಂಬುದನ್ನು ನೆನೆದಾಗ, ಒಬ್ಬ ಬುವಾ ಮಲಗಿದ್ದಕ್ಕೆ ಕೈಚೆಲ್ಲಿ ಕುಳಿತ ನಮ್ಮ ಮಂಡಳಿಯ ಬಗೆಗೆ ನಾಚಿಕೆಯಾಯಿತು.

ನಸುಕಿನಲ್ಲಿ ಡ್ರೆಪುಂಗ್‌ನ ಸಭಾಮಂಟಪಕ್ಕೆ ಹೋದೆ. ಕಂಬಗಳ ನಡುವೆ ಉದ್ದುದ್ದನೆಯ ಸಾಲುಗಳಲ್ಲಿ ಕಡುಗೆಂಪು ವಸ್ತ್ರದ ಭಿಕ್ಷುಗಳು. ಹಿರಿಯರು ಮುಂದೆ, ಕಿರಿಯರು ಹಿಂದೆ. (ಇಲ್ಲಿಯೂ ನನ್ನ ಜಾಗ ಗೋಡೆಯ ಪಕ್ಕವೇ.) ಎಲ್ಲರೂ ಒಬ್ಬನ ಕೊರಳಿಗೆ ಕಾದಿದ್ದರು. ಅವನನ್ನು ‘ಉಮ್ಜೆ’ ಎನ್ನುತ್ತಾರೆ. ನಮ್ಮ ಬುವಾನ ಸ್ಥಾನ ಅವನದು. ಕಂಠ, ನೆನಪು ಎರಡೂ ಗಟ್ಟಿಯಾಗಿರುವವನನ್ನೇ ಆ ಗಾದಿಗೆ ಆರಿಸುತ್ತಾರೆ. ಇತ್ತೀಚೆಗೆ ಅವನ ಮುಂದೆ ಧ್ವನಿವರ್ಧಕವೂ ಬಂದಿದೆ. ನನ್ನ ಮಟ್ಟಿಗೆ ಅದಿಲ್ಲದಿದ್ದರೇ ಚೆನ್ನಿತ್ತು. ಅವನು ನೆಲದಾಳದಿಂದೆಂಬಂತೆ ಒಂದು ಸ್ವರವನ್ನೆತ್ತಿದ; ಎರಡನೆಯ ಅಕ್ಷರಕ್ಕೆ ಸಾವಿರ ಕಂಠಗಳು ಸೇರಿಕೊಂಡವು. ಮಣೆಯ ಮೇಲೆ ಕುಳಿತ ನನ್ನ ಬೆನ್ನೆಲುಬಿಗೆ ಅದು ತಾಗಿತೆಂದರೆ ಅತಿಶಯೋಕ್ತಿಯಲ್ಲ. ನಡುವೆ ದೊಡ್ಡ ಕೆಟಲುಗಳನ್ನು ಹೊತ್ತ ಬಾಲಭಿಕ್ಷುಗಳು ಓಡೋಡುತ್ತ ಚಹಾ ಸುರಿದರು. ದೇವರ ಮುಂದೆಯೇ ಚಹಾ! ನಮ್ಮ ಮನೆಯ ಹಿರಿಯರು ಕಂಡಿದ್ದರೆ ಏನೆನ್ನುತ್ತಿದ್ದರೋ. ಗಂಟೆಗಟ್ಟಲೆ ಹಾಡುವ ಗಂಟಲಿಗೆ ಬಿಸಿ ಬೇಕು ತಾನೆ?

ಈ ಮಂದ್ರದ ಹಿಂದೊಂದು ಶಾಸ್ತ್ರವಿದೆ. ಟಿಬೆಟಿನ ತಾಂತ್ರಿಕ ವಿದ್ಯಾಪೀಠಗಳಾದ ಗ್ಯುಮೆ ಮತ್ತು ಗ್ಯುತೊಗಳಲ್ಲಿ ಒಬ್ಬನೇ ಭಿಕ್ಷು ಒಂದೇ ಉಸಿರಿನಲ್ಲಿ ಎರಡು ಸ್ವರಗಳನ್ನು ಕೇಳಿಸುವ ಕಂಠವಿದ್ಯೆಯಿದೆ. ಗ್ಯುಮೆ ಈಗಿರುವುದು ನಮ್ಮ ಹುಣಸೂರಿನ ಬಳಿಯ ಗುರುಪುರದಲ್ಲಿ. ಮುಂಡಗೋಡದಲ್ಲಿ ಗೇಶೆ ಪದವಿ ಪಡೆದ ಪಂಡಿತರು ಮುಂದಿನ ಸಾಧನೆಗೆ ಈ ತಾಂತ್ರಿಕ ವಿದ್ಯಾಪೀಠಗಳಿಗೆ ಹೋಗುವುದು ವಾಡಿಕೆ. ಡ್ರೆಪುಂಗ್ ಲೊಸೆಲಿಂಗ್‌ನ ಭಿಕ್ಷುಗಳು ಈ ಗಾಯನವನ್ನು ಅಮೆರಿಕದ ವೇದಿಕೆಗಳಲ್ಲಿಯೂ ಕೇಳಿಸಿದ್ದಾರೆ. 1964ರಲ್ಲಿ ಧರ್ಮಗಳ ಅಧ್ಯಯನಕ್ಕೆಂದು ಭಾರತಕ್ಕೆ ಬಂದಿದ್ದ ಅಮೆರಿಕದ ಪ್ರಾಧ್ಯಾಪಕ ಹಸ್ಟನ್ ಸ್ಮಿತ್ ಗ್ಯುತೊ ಭಿಕ್ಷುಗಳ ಗಾಯನವನ್ನು ಕೇಳಿ ಬೆರಗಾಗಿ ಧ್ವನಿಮುದ್ರಿಸಿಕೊಂಡರು. ಧ್ವನಿವಿಜ್ಞಾನಿ ಕೆನೆತ್ ಸ್ಟೀವನ್ಸ್ ಮೊದಲಾದವರೊಡನೆ ಅವರು 1967ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಗುಟ್ಟಿನ ಒಂದು ತುದಿ ಸಿಕ್ಕಿತು: ಸೆಕೆಂಡಿಗೆ ಸುಮಾರು 70 ಕಂಪನಗಳಷ್ಟು ತಗ್ಗಿನ ಆಧಾರ ಸ್ವರವನ್ನು ಹಿಡಿದು, ಬಾಯಿಯ ಆಕಾರದಿಂದಲೇ ಅದರ ಐದನೆಯ ಮತ್ತು ಹತ್ತನೆಯ ಅನುಸ್ವರಗಳನ್ನು ಅವರು ಎತ್ತಿ ತೋರಿಸುತ್ತಾರೆ. ಧ್ವನಿತಂತುಗಳ ಮೇಲಿರುವ, ನಾವು ಸಾಮಾನ್ಯವಾಗಿ ಬಳಸದ ಮಡಿಕೆಗಳು ಅರ್ಧ ವೇಗದಲ್ಲಿ ಕಂಪಿಸುವುದರಿಂದ ಅಂಥ ತಗ್ಗು ಸಾಧ್ಯವಾಗುತ್ತದೆಂದು ಮುಂದೆ ತಿಳಿದುಬಂದಿತು.

ಐದನೆಯದು, ಹತ್ತನೆಯದು ಎಂದರೆ ಯಾವುದು? ಹುಬ್ಬಳ್ಳಿ–ಧಾರವಾಡದ ಗಾಳಿ ಕುಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ: ಗಾಂಧಾರ! ಚೆನ್ನಾಗಿ ಶ್ರುತಿಗೂಡಿಸಿದ ತಂಬೂರಿಯ ಖರಜದ ತಂತಿಯನ್ನು ಮೀಟಿದಾಗ ಯಾರೂ ನುಡಿಸದೆ ತಾನಾಗಿ ತೇಲಿಬರುವ ಸ್ವಯಂಭೂ ಗಾಂಧಾರವೇ ಅದು. ನಾವು ತಂತಿಯಲ್ಲಿ ಕಂಡುಕೊಂಡುದನ್ನು ಅವರು ಕೊರಳಿನಲ್ಲಿ ಕಂಡುಕೊಂಡಿದ್ದಾರೆ.

ಇನ್ನು ನನ್ನ ಪ್ರಶ್ನೆ, ಧಾಟಿಯನ್ನು ಉಳಿಸುವ ಬಗೆ. ಅವರಲ್ಲಿ ಅದಕ್ಕೊಂದು ಲಿಪಿಯೇ ಇದೆ, ‘ಯಾಂಗ್ ಯಿಗ್’ ಎಂದು ಹೆಸರು. ಅಕ್ಷರಗಳ ಪಕ್ಕದಲ್ಲಿ ನದಿಯ ಬಳುಕಿನಂಥ ಗೆರೆಗಳು. ದನಿ ಎಲ್ಲಿ ಏರಬೇಕು, ಎಲ್ಲಿ ಬಾಗಬೇಕು ಎಂಬುದರ ಚಿತ್ರ. ಅಂಥ ಹಾಳೆಗಳ ಬಗೆಗೆ ಆಸೆಯಿಂದ ವಿಚಾರಿಸಿದಾಗ ಹಿರಿಯ ಭಿಕ್ಷುವೊಬ್ಬರು ಹಿಂದಿ ಬೆರೆತ ಕನ್ನಡದಲ್ಲಿ ನಗುತ್ತ ಹೇಳಿದ್ದಿಷ್ಟು: ಗೆರೆ ನೆನಪಿಗೆ ಮಾತ್ರ, ಕಲಿಯಬೇಕಾದುದು ಗುರುವಿನ ಬಾಯಿಂದಲೇ. ಎಷ್ಟು ಹೊತ್ತು ಎಳೆಯಬೇಕೆಂಬುದು ಗೆರೆಯಲ್ಲಿರುವುದಿಲ್ಲವಂತೆ. ಅದಕ್ಕಾಗಿಯೇ ಹತ್ತು ಹನ್ನೆರಡರ ಹುಡುಗರು ಸಂಜೆ ಅಂಗಳದಲ್ಲಿ ಕುಳಿತು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಾರೆ. 2008ರ ಅನಂತರ ಟಿಬೆಟಿನಿಂದ ಬರುವವರು ತೀರ ವಿರಳ. ಈ ಹುಡುಗರಲ್ಲಿ ಬಹಳಷ್ಟು ಮಂದಿ ಲಡಾಖಿನವರು, ಅರುಣಾಚಲದವರು, ನೇಪಾಳದವರು, ಮಂಗೋಲಿಯದವರೂ ಉಂಟು. ಲ್ಹಾಸಾವನ್ನು ಕಾಣದ ಕೊರಳುಗಳು ಲ್ಹಾಸಾದ ಧಾಟಿಯನ್ನು ಹೊತ್ತಿವೆ. ಈ ಭಾರ ಗಂಡಸರದು ಮಾತ್ರವೂ ಅಲ್ಲ: ಇಲ್ಲಿಯೇ ಭಿಕ್ಷುಣಿಯರ ವಿಹಾರವೂ ಇದೆ, ಮತ್ತು 2016ರ ಡಿಸೆಂಬರಿನಲ್ಲಿ 20 ಮಂದಿ ಭಿಕ್ಷುಣಿಯರು ಮೊತ್ತಮೊದಲ ಗೇಶೆಮಾ ಪದವಿಯನ್ನು ಪಡೆದದ್ದು ಈ ಡ್ರೆಪುಂಗ್‌ನಲ್ಲೇ.

ಊರಿಗೆ ಮರಳಿದ ಮೇಲೆ ನಾವು ಮೂವರು ಬುವಾ ಅವರ ಮನೆಗೆ ಹೋದೆವು. ಅವರ ಕೊರಳಿನಿಂದ ಈಗ ಬರುವುದು ಬರಿಯ ಪಿಸುದನಿ. ಆ ಪಿಸುದನಿಯಲ್ಲಿಯೇ ಧಾಟಿಯ ಗತಿಯನ್ನು ಹೇಳುತ್ತಾರೆ, ಬೆರಳಿನಿಂದ ಗಾಳಿಯಲ್ಲಿ ಏರಿಳಿತ ತೋರುತ್ತಾರೆ. ಪೇಟಿಯವರು ಅದನ್ನು ನುಡಿಸಿ ನೋಡುತ್ತಾರೆ. ತಪ್ಪಿದರೆ ಬುವಾ ಕೈಯಾಡಿಸುತ್ತಾರೆ. ಒಂದು ಪದಕ್ಕೆ ಎರಡು ಸಂಜೆ ಹಿಡಿಯಿತು. ಅಲ್ಲಿಯೇ ಆಡಿಕೊಂಡಿದ್ದ ಅವರ ಮೊಮ್ಮಗ, ಏಳನೆಯ ತರಗತಿಯ ಹುಡುಗ, ನಾವು ಮೂವರೂ ತಡವರಿಸುತ್ತಿದ್ದ ಚರಣವನ್ನು ಬಾಗಿಲ ಬಳಿಯಿಂದಲೇ ಎತ್ತಿ ಹಾಡಿಬಿಟ್ಟ. “ಎಲ್ಲಿ ಕಲಿತೆಯೋ?” ಎಂದರೆ, “ಅಜ್ಜ ಜಳಕಾ ಮಾಡುವಾಗ ದಿನಾ ಹಾಡತಿದ್ರಲ್ಲ” ಎಂದ.

ಬರುವ ಏಕಾದಶಿಗೆ ಅವನನ್ನು ಮೊದಲ ಸಾಲಿನಲ್ಲಿ ಕೂಡಿಸುವುದೆಂದು ಮಾತಾಗಿದೆ. ಮರುದಿನ ಅವನಿಗೆ ಗಣಿತದ ಪರೀಕ್ಷೆ. ಅವನ ತಾಯಿಯ ಒಪ್ಪಿಗೆ ಇನ್ನೂ ಸಿಗಬೇಕಾಗಿದೆ.