ಕೀಲುಬಾವಿನ ಕಾಯಿಲೆಗೂ ಕಿವಿಗೂ ಏನು ಸಂಬಂಧ?



ಸಂಧಿವಾತ, ಥೈರಾಯ್ಡ್, ಲೂಪಸ್ ಎಂಬ ಹೆಸರುಗಳು ಈಗ ಹಳ್ಳಿಗಳಲ್ಲೂ ಕೇಳಿಬರುತ್ತವೆ. ಇಂಥ ಕಾಯಿಲೆ ಇರುವ ಕೆಲವರಿಗೆ ಕಿವಿಯೂ ಮಂದವಾಗಬಹುದು. ಇದು ಬಹಳ ಜನರಿಗೆ ತಿಳಿದಿಲ್ಲ. "ವಯಸ್ಸಾತು, ಕಿವಿ ಕೇಳಂಗಿಲ್ಲ" ಎಂದು ಸುಮ್ಮನಾಗುತ್ತೇವೆ. ಆದರೆ ಬೇಗ ಚಿಕಿತ್ಸೆ ಪಡೆದರೆ ಕಿವಿ ಉಳಿಸಿಕೊಳ್ಳುವ ಅವಕಾಶವಿದೆ.

ಇದು ಹೇಗೆ ಆಗುತ್ತದೆ?

ನಮ್ಮ ದೇಹವನ್ನು ಕಾಯಲು ರೋಗ ನಿರೋಧಕ ಶಕ್ತಿ ಇದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ, ಕೆಲವರಲ್ಲಿ ಆ ಶಕ್ತಿಯೇ ದೇಹದ ಮೇಲೆ ಬೀಳುತ್ತದೆ. ಇದಕ್ಕೆ ಆಟೋಇಮ್ಯೂನ್ ಕಾಯಿಲೆ ಎನ್ನುತ್ತಾರೆ. ಇವುಗಳಲ್ಲಿ ಹೆಚ್ಚಿನವು ಗಂಡಸರಿಗಿಂತ ಹೆಣ್ಣುಮಕ್ಕಳಿಗೇ ಜಾಸ್ತಿ. ಕೀಲಿನ ಮೇಲೆ ಬಿದ್ದರೆ ಕೀಲು ಬಾಯುತ್ತದೆ. ಒಳಗಿವಿಯ ಮೇಲೆ ಬಿದ್ದರೆ ಕೇಳಿಸುವುದು ಕಡಿಮೆಯಾಗುತ್ತದೆ. ಬೇರೆ ಕಾಯಿಲೆ ಇಲ್ಲದೆ ಒಳಗಿವಿಗೆ ಮಾತ್ರವೂ ಹೀಗಾಗಬಹುದು. ಇದನ್ನು 1979ರಲ್ಲಿ ಅಮೆರಿಕದ ವೈದ್ಯ ಬ್ರಯನ್ ಮೆಕ್‌ಕೇಬ್ ವಿವರಿಸಿದರು.

ಲಕ್ಷಣಗಳು

* ಕೆಲವು ವಾರ ಅಥವಾ ತಿಂಗಳುಗಳಲ್ಲಿ ಕಿವಿ ಮಂದವಾಗುವುದು, ಸಾಮಾನ್ಯವಾಗಿ ಎರಡೂ ಕಿವಿ
* ಒಂದು ದಿನ ಚೆನ್ನಾಗಿ ಕೇಳುವುದು, ಇನ್ನೊಂದು ದಿನ ಕೇಳದಿರುವುದು
* ಕಿವಿಯಲ್ಲಿ ಗುಂಯ್ ಎನ್ನುವುದು, ಕಿವಿ ಕಟ್ಟಿದಂತಾಗುವುದು
* ತಲೆ ತಿರುಗುವುದು, ನಡೆಯುವಾಗ ತೂಗಾಡುವುದು

ಒಂದೆರಡು ದಿನದಲ್ಲೇ ಕಿವಿ ಕೇಳದಾದರೆ ಅದು ತುರ್ತು. ಜಾತ್ರೆ ಮುಗಿಯಲಿ, ರಾಶಿ ಆಗಲಿ ಎಂದು ಕಾಯಬೇಡಿರಿ. ಅಂದೇ ಅಥವಾ ಮರುದಿನವೇ ವೈದ್ಯರ ಹತ್ತಿರ ಹೋಗಿರಿ. ಎರಡು ವಾರದೊಳಗೆ ಚಿಕಿತ್ಸೆ ಶುರುವಾದರೆ ಗುಣ ಕಾಣುವ ಸಾಧ್ಯತೆ ಹೆಚ್ಚು.

ಏನು ಮಾಡಬೇಕು?

ಮೊದಲು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ತೋರಿಸಿರಿ. ಗುಗ್ಗೆ ಕಟ್ಟಿದ್ದರೆ ಅಲ್ಲೇ ತಿಳಿಯುತ್ತದೆ. ಗುಗ್ಗೆ ಇಲ್ಲದಿದ್ದರೆ ಬೀದರಿನ ಬ್ರಿಮ್ಸ್ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಹೋಗಿ ಕಿವಿಯ ಪರೀಕ್ಷೆ ಮಾಡಿಸಿರಿ. ನಿಮಗಿರುವ ಕಾಯಿಲೆ ಮತ್ತು ನುಂಗುವ ಎಲ್ಲ ಗುಳಿಗೆಗಳ ಚೀಟಿ ತೋರಿಸಿರಿ. ಕೆಲವು ಗುಳಿಗೆಗಳಿಂದಲೂ ಕಿವಿ ಗುಂಯ್ ಎನ್ನುತ್ತದೆ. ಹಾಗೆಂದು ನೀವೇ ಗುಳಿಗೆ ಬಿಡಬೇಡಿರಿ.

ಇದಕ್ಕೆ ವೈದ್ಯರು ಸಾಮಾನ್ಯವಾಗಿ ಸ್ಟಿರಾಯ್ಡ್ ಔಷಧಿ ಕೊಡುತ್ತಾರೆ. ಹೇಳಿದಷ್ಟು ದಿನ ತಪ್ಪದೆ ತೆಗೆದುಕೊಳ್ಳಿರಿ, ನಡುವೆ ಒಮ್ಮೆಲೇ ನಿಲ್ಲಿಸಬೇಡಿರಿ. ಸಕ್ಕರೆ ಕಾಯಿಲೆ, ಬಿ.ಪಿ. ಇದ್ದರೆ ಮೊದಲೇ ಹೇಳಿರಿ. ಕಿವಿಗೆ ಬಿಸಿ ಎಣ್ಣೆ, ಬೆಳ್ಳುಳ್ಳಿ ರಸ ಹಾಕಬೇಡಿರಿ. ಅದು ಒಳಗಿವಿಗೆ ಮುಟ್ಟುವುದಿಲ್ಲ, ಕಿವಿ ಸುಡಬಹುದು. ಔಷಧಿಯಿಂದ ಪೂರ್ತಿ ಗುಣವಾಗದಿದ್ದರೆ ಶ್ರವಣ ಯಂತ್ರದಿಂದ ಅನುಕೂಲವಾಗುತ್ತದೆ. ಅದನ್ನು ಹಾಕಿಕೊಳ್ಳಲು ನಾಚಿಕೆ ಬೇಡ.

ಸಂಘ ಏನು ಮಾಡಬಹುದು?

ಕಿವಿ ಮಂದವಾದ ಅಕ್ಕ ಸಭೆಯಲ್ಲಿ ಮೂಲೆಗೆ ಕೂರುತ್ತಾಳೆ, ಸಾಲದ ಲೆಕ್ಕ ಕೇಳಿಸದೆ ಹೆಬ್ಬೆಟ್ಟು ಒತ್ತುತ್ತಾಳೆ, ಕಡೆಗೆ ಬರುವುದನ್ನೇ ಬಿಡುತ್ತಾಳೆ. ಅವಳನ್ನು ಮುಂದೆ ಕೂರಿಸೋಣ. ಮುಖ ನೋಡಿ, ನಿಧಾನವಾಗಿ ಮಾತಾಡೋಣ. ಲೆಕ್ಕವನ್ನು ಅವಳಿಗೆ ತಿಳಿಯುವ ಹಾಗೆ ಇನ್ನೊಮ್ಮೆ ಹೇಳೋಣ. ಆಸ್ಪತ್ರೆಗೆ ಹೋಗಲು ಬಸ್ಸಿನ ಖರ್ಚಿಗೆ ಸಂಘದಿಂದ ತುರ್ತು ಸಾಲ ಕೊಟ್ಟು, ಒಬ್ಬರು ಜೊತೆಗೆ ಹೋಗೋಣ. ಮುಂದಿನ ಸಭೆಯಲ್ಲಿ, "ಕೀಲುಬಾವು ಇರುವ ಯಾರಿಗಾದರೂ ಕಿವಿ ಕಡಿಮೆ ಕೇಳುತ್ತಿದೆಯೇ?" ಎಂದು ಒಮ್ಮೆ ಕೇಳಿರಿ.