ಜೀಪಿನ ಬಾನೆಟ್ಟು, ಸ್ಟೀಲ್ ಲೋಟದ ಶರಬತ್ತು

ಕೊಟ್ಟಿಗೆಹಾರದಲ್ಲಿ ಬಸ್ ಇಳಿದವರ ಕಣ್ಣಿಗೆ ಮೊದಲು ನೀರುದೋಸೆ ಹೋಟೆಲುಗಳು ಬೀಳುತ್ತವೆ. ನನ್ನ ಕಣ್ಣು ಹೋಗುವುದು ಜೀಪುಗಳ ಮೇಲೆ. ತೋಟಕ್ಕೆ ಆಳುಗಳನ್ನು, ಗೊಬ್ಬರವನ್ನು ಸಾಗಿಸುವ ಜೀಪುಗಳ ತುಕ್ಕು ಕೆರೆದು, ಪುಟ್ಟಿ ತುಂಬಿ, ಬಣ್ಣ ಹೊಡೆಯುವುದು ನನ್ನ ಮಾಮನ ಕೆಲಸ. ರಜೆಯಲ್ಲಿ ಅವರ ಶೆಡ್ಡಿನಲ್ಲಿ ಎಮರಿ ಪೇಪರ್ ಉಜ್ಜುವವನು ನಾನು.

ಒಮ್ಮೆ ಮೊಬೈಲಿನಲ್ಲಿ ಅವರಿಗೆ ಒಂದು ಅಮೆರಿಕನ್ ಕಾರು ತೋರಿಸಿದೆ. 1964ರ ಶೆವರ್ಲೆ ಇಂಪಾಲಾ, ಹೆಸರು ‘ಜಿಪ್ಸಿ ರೋಸ್’. ಲಾಸ್ ಏಂಜಲೀಸಿನ ಜೆಸ್ಸಿ ವಲಾಡೆಜ್ ಎಂಬವರದು. ಮೈತುಂಬ ಕೈಯಲ್ಲೇ ಬರೆದ ಗುಲಾಬಿಗಳು. 2017ರಲ್ಲಿ ಅದನ್ನು ಆ ದೇಶದ ಐತಿಹಾಸಿಕ ವಾಹನಗಳ ದಾಖಲೆಗೆ ಸೇರಿಸಿದರು. ಮಾಮ ತುಂಬಾ ಹೊತ್ತು ನೋಡಿ, “ಇದು ಒಂದು ಬಣ್ಣ ಅಲ್ಲ ಮೋನೆ, ಬಣ್ಣದ ಮೇಲೆ ಬಣ್ಣ” ಅಂದರು.

ಅಲ್ಲಿನ ಪ್ರದರ್ಶನದ ಕಾರುಗಳ ಮುಖ್ಯ ಗುಟ್ಟು ‘ಕ್ಯಾಂಡಿ’ ಬಣ್ಣ. ರಂಜಾನಿನಲ್ಲಿ ಕೆಂಪು ಶರಬತ್ತನ್ನು ಹೊಸ ಸ್ಟೀಲ್ ಲೋಟಕ್ಕೆ ಹಾಕಿ ನೋಡಿ. ಬೆಳಕು ಶರಬತ್ತಿನೊಳಗೆ ಇಳಿದು, ತಳಕ್ಕೆ ಬಡಿದು, ಮತ್ತೆ ಶರಬತ್ತನ್ನು ಹಾದು ಹೊರಗೆ ಬರುತ್ತದೆ. ಹಾಗಾಗಿ ಕೆಂಪು ಒಳಗಿನಿಂದ ಉರಿಯುವಂತೆ ಕಾಣುತ್ತದೆ. ಕ್ಯಾಂಡಿಯೂ ಅಷ್ಟೇ: ಕೆಳಗೆ ಬೆಳ್ಳಿ ಅಥವಾ ಚಿನ್ನದ ಮೆಟಾಲಿಕ್, ಮೇಲೆ ಪಾರದರ್ಶಕ ಬಣ್ಣ, ಕೊನೆಗೆ ಕ್ಲಿಯರ್. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಜೋ ಬೈಲನ್ ಇಂಥ ಕೆಂಪಿಗೆ ಹೆಸರಾದರು. ಕಷ್ಟವೇನೆಂದರೆ ಪ್ರತಿ ಕೋಟಿಗೂ ಬಣ್ಣ ಗಾಢವಾಗುತ್ತದೆ. ಸ್ಪ್ರೇ ಗನ್ ಒಂದು ಕಡೆ ತುಸು ನಿಂತರೂ ಪಟ್ಟೆ ಬೀಳುತ್ತದೆ. ಗೀರು ಬಿದ್ದರೆ ಆ ಜಾಗವನ್ನಷ್ಟೇ ಸರಿಮಾಡುವುದು ಹೆಚ್ಚುಕಡಿಮೆ ಅಸಾಧ್ಯ.

ಪರ್ಲ್ ಬಣ್ಣದಲ್ಲಿರುವುದು ಟೈಟಾನಿಯಂ ಡೈಆಕ್ಸೈಡ್ ಲೇಪಿಸಿದ ಅಭ್ರಕದ ಚೂರುಗಳು. ನೋಡುವ ಕೋನ ಬದಲಾದರೆ ಬಣ್ಣವೂ ಬದಲಾಗುತ್ತದೆ, ಸೋಪಿನ ಗುಳ್ಳೆಯ ಹಾಗೆ. ನನಗೆ ಹೆಚ್ಚು ಇಷ್ಟವಾದದ್ದು ಲೇಸ್ ಕೆಲಸ. ಕಸೂತಿಯ ಜಾಲರಿ ಬಟ್ಟೆಯನ್ನು ಬಿಗಿಯಾಗಿ ಹಾಸಿ ಮೇಲಿನಿಂದ ಸ್ಪ್ರೇ ಮಾಡಿ ಎತ್ತಿದರೆ ಹೂಬಳ್ಳಿ ಅಚ್ಚಾಗಿರುತ್ತದೆ. (ಉಮ್ಮನ ಹಳೇ ಪರದೆ ಹೋದದ್ದು ಹೀಗೆ.) ಇನ್ನು ಪಿನ್‌ಸ್ಟ್ರೈಪಿಂಗ್ ಎಂಬ ಸಣ್ಣ ಗೆರೆಗಳನ್ನು ಉದ್ದ ಕೂದಲಿನ ಕುಂಚದಿಂದ ಒಂದೇ ಎಳೆತಕ್ಕೆ ಎಳೆಯುತ್ತಾರೆ. ನಮ್ಮ ಲಾರಿಗಳ ಹಿಂದೆ ಕಮಲ, ನವಿಲು ಬರೆಯುವವರಿಗೂ ಅದೇ ಕೈ ಬೇಕು.

ಮಾಮ ತಮ್ಮದೇ ಹಳೇ ಜೀಪಿನ ಬಾನೆಟ್ಟಿನ ಮೇಲೆ ಕ್ಯಾಂಡಿ ಕೆಂಪು ಪ್ರಯತ್ನಿಸಿದರು. ಅದು ಜುಲೈ ತಿಂಗಳು. ಚಾರ್ಮಾಡಿಯ ಮಂಜು ಶೆಡ್ಡಿನ ಒಳಗೇ ಇತ್ತು. “ಬಿಸಿಲು ಬರಲಿ” ಅಂದರು ಅವರು. ಕಾಲೇಜು ಶುರುವಾಗುವ ಮೊದಲು ನೋಡಬೇಕೆಂದು ಹಠ ಹಿಡಿದವನು ನಾನು. ಎನ್‌ಸಿ ಕ್ಲಿಯರ್ ಹೊಡೆದು ಸ್ವಲ್ಪ ಹೊತ್ತಿಗೇ ಇಡೀ ಬಾನೆಟ್ಟು ಹಾಲು ಚೆಲ್ಲಿದಂತೆ ಬಿಳಿಚಿಕೊಂಡಿತು. ಥಿನ್ನರ್ ಬೇಗ ಆರುವಾಗ ತಗಡಿನ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿ ಕುಳಿತು ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಮಾಮ ಬೈಯಲಿಲ್ಲ. ಎಮರಿ ಪೇಪರನ್ನು ನನ್ನ ಕೈಗೆ ಕೊಟ್ಟರು.

ಉಜ್ಜುತ್ತಾ ಕುಳಿತ ಆ ಎರಡು ದಿನ ನನಗೆ ಕೇಳಿಸಿದ್ದು ಅವರ ಕೆಮ್ಮು. ಇಷ್ಟು ವರ್ಷವೂ ಅವರು ಮೂಗಿಗೆ ಕಟ್ಟಿದ್ದು ಕರ್ಚೀಫು ಮಾತ್ರ. ಹಾರ್ಡನರ್ ಬೆರೆಸಿ ಹೊಡೆಯುವ ಟೂ-ಕೆ ಬಣ್ಣಗಳಲ್ಲಿ ಐಸೊಸೈನೇಟ್ ಇರುತ್ತದೆ. ಅದರಿಂದ ಆಸ್ತಮಾ ಬರುತ್ತದೆ. ಬಟ್ಟೆಯಾಗಲಿ ಕೊರೋನಾ ಕಾಲದ ಮಾಸ್ಕಾಗಲಿ ಅದನ್ನು ತಡೆಯುವುದಿಲ್ಲ. ಅದಕ್ಕೆ ತಾಜಾ ಗಾಳಿಯನ್ನು ಪೈಪಿನಲ್ಲಿ ಕೊಡುವ ಮಾಸ್ಕೇ ಸರಿ. ಅದು ನಮ್ಮಂಥ ಶೆಡ್ಡಿಗೆ ದುಬಾರಿ. ಸದ್ಯಕ್ಕೆ ಮಾಮ ಟೂ-ಕೆ ಕೆಲಸ ಒಪ್ಪಿಕೊಳ್ಳುತ್ತಿಲ್ಲ. ಉಳಿದ ಬಣ್ಣಗಳಿಗೆ ಇದ್ದಿಲಿನ ಫಿಲ್ಟರ್ ಇರುವ ಮಾಸ್ಕನ್ನು ಸ್ಕಾಲರ್‌ಶಿಪ್ ದುಡ್ಡಿನಲ್ಲಿ ತಂದುಕೊಟ್ಟಿದ್ದೇನೆ. ಹಾಕಿಕೊಂಡರೆ ಬೀಡಾ ಜಗಿಯಲು ಆಗುವುದಿಲ್ಲ ಎಂಬುದೇ ಅವರ ದೂರು.

ಬಾನೆಟ್ಟು ಈಗಲೂ ಬೆಳ್ಳಿ ಬಣ್ಣದಲ್ಲೇ ಇದೆ. ಡಿಸೆಂಬರಿನ ಬಿಸಿಲಿಗೆ ಕಾಯುತ್ತಿದ್ದೇವೆ.