ಕೂತು ಲೆಕ್ಕ ಹಾಕೋಣ, ಆಮೇಲೆ ಸಾಲ ತೆಗೆಯೋಣ



ಗೋಪುರ ಕಟ್ಟಲು ಹೊರಟವನು ಮೊದಲು ಖರ್ಚಿನ ಲೆಕ್ಕ ನೋಡಬೇಕೆಂದು ಯೇಸುಸ್ವಾಮಿ ಕಲಿಸುತ್ತಾರೆ (ಲೂಕ 14:28). ನಾವು ತೆಗೆಯುವ ಸಾಲಕ್ಕೂ ಇದೇ ಪಾಠ.

ತಿಂಗಳಿಗೆ ನೂರಕ್ಕೆ 2 ರೂ. ಬಡ್ಡಿಯಂತೆ 10,000 ರೂ. ತೆಗೆದು, ತಿಂಗಳಿಗೆ 1,000 ರೂ. ಅಸಲು ತೀರಿಸುತ್ತೇವೆ ಅನ್ನಿ. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕಿದರೆ ಹತ್ತು ತಿಂಗಳಿಗೆ 1,100 ರೂ. ಆಗುತ್ತದೆ. ಪ್ರತಿ ತಿಂಗಳೂ ಪೂರ್ತಿ 10,000ಕ್ಕೇ ಹಾಕಿದರೆ 2,000 ರೂ.! ಹಾಗಾಗಿ ಸಹಿ ಹಾಕುವ ಮುಂಚೆ, ಬಡ್ಡಿ ಯಾವುದರ ಮೇಲೆ ಅಂತ ಕೇಳಲೇಬೇಕು.

ಇರುವೆಯನ್ನು ನೋಡಿ ಕಲಿಯಲು ಜ್ಞಾನೋಕ್ತಿ ಹೇಳುತ್ತದೆ (6:6-8). ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಅಡಿಕೆ ಸುಲಿಯುವ ದಿನಗಳಲ್ಲಿ ಕೈಯಲ್ಲಿ ಕೂಲಿ ಹಣ ಇರುತ್ತದೆ. ಜಡಿಮಳೆ ಹಿಡಿದ ಮೇಲೆ ಕೆಲಸ ಕಡಿಮೆ, ಮಕ್ಕಳ ಶಾಲೆ ಖರ್ಚು ಜಾಸ್ತಿ. ಸುಲಿಯುವಾಗಲೇ ಸ್ವಲ್ಪ ಹೆಚ್ಚು ಉಳಿತಾಯ ಕಟ್ಟಿದರೆ, ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡುವುದು ತಪ್ಪುತ್ತದೆ.

ಸಣ್ಣ ವಿಷಯದಲ್ಲೂ ಪ್ರಾಮಾಣಿಕತೆ ಬೇಕು (ಲೂಕ 16:10). ಸಭೆಗೆ ಹೊತ್ತಿಗೆ ಸರಿಯಾಗಿ ಬರುವುದು, ಹಣವನ್ನು ಎಲ್ಲರೆದುರು ಎಣಿಸುವುದು, ಪಾಸ್‌ಬುಕ್ಕಿನಲ್ಲಿ ಅಂದೇ ಬರೆಸುವುದು, ಇವೇ ನಮ್ಮ ಶಿಸ್ತು.

ಕಂತು ತಪ್ಪಿದವಳನ್ನು ಹೀಯಾಳಿಸದಿರೋಣ. ಅವಳ ಭಾರಕ್ಕೆ ನಾವೂ ಹೆಗಲು ಕೊಡಬೇಕು (ಗಲಾತ್ಯ 6:2). ಕಿರುಸಾಲ ವಸೂಲಿಗೆ ಬೆದರಿಕೆ, ಕಿರುಕುಳ ಕೊಡುವುದನ್ನು ತಡೆಯಲು ಕರ್ನಾಟಕದಲ್ಲಿ 2025ರಲ್ಲಿ ಕಾಯ್ದೆಯೇ ಬಂದಿದೆ. ಹೆದರಿ ಮುಚ್ಚಿಡಬೇಡಿ, ಸಂಘದಲ್ಲಿ ಹೇಳಿ.

ಮುಂದಿನ ಸಭೆಗೆ ಪ್ರತಿಯೊಬ್ಬರೂ ತಮ್ಮ ಮನೆಯ ಎಲ್ಲಾ ಸಾಲದ ಪಟ್ಟಿ ಬರೆದು ತರೋಣವೇ?